ಯಾರ ಕೆಲಸ, ಯಾರ ಹೆಸರು

ಇನ್ನೊಬ್ಬರ ಮಾತು, ವಿಚಾರ, ಅಂಕಿಅಂಶ, ಚಿತ್ರ ಅಥವಾ ವಿಧಾನವನ್ನು ಅವರ ಹೆಸರೆತ್ತದೆ ತನ್ನದೆಂಬಂತೆ ಮುಂದಿಡುವುದು ಕೃತಿಚೌರ್ಯ. ಸಂಶೋಧನೆಯ ಲೋಕದಲ್ಲಿ ಇದಕ್ಕೊಂದು ಜೋಡಿ ತಪ್ಪೂ ಇದೆ, ಅದರ ಬಗ್ಗೆ ಮಾತು ಕಡಿಮೆ: ದುಡಿದವರ ಹೆಸರು ಲೇಖಕರ ಸಾಲಿನಲ್ಲಿ ಇಲ್ಲದಿರುವುದು, ದುಡಿಯದವರ ಹೆಸರು ಅಲ್ಲಿ ಕೂತಿರುವುದು. ಮೊದಲನೆಯದನ್ನು ಹಿಡಿಯಲು ತಂತ್ರಾಂಶಗಳಿವೆ, ಶೇಕಡಾವಾರು ಮಿತಿಗಳಿವೆ, ದಂಡನೆಯ ಹಂತಗಳಿವೆ. ಎರಡನೆಯದನ್ನು ಹಿಡಿಯುವ ಯಂತ್ರವಿಲ್ಲ. ಕಳವಾಗುವ ವಸ್ತು ಮಾತ್ರ ಎರಡರಲ್ಲೂ ಒಂದೇ, ಮಾಡಿದ ಕೆಲಸಕ್ಕೆ ಸಲ್ಲಬೇಕಾದ ಮನ್ನಣೆ.

ಸಂಶೋಧನಾ ಪತ್ರಿಕೆಗಳು ಲೇಖಕರಿಗೆ ಸಂಭಾವನೆ ಕೊಡುವುದಿಲ್ಲ. ಹಲವು ಪತ್ರಿಕೆಗಳು ಲೇಖಕರಿಂದಲೇ ಶುಲ್ಕ ಪಡೆಯುತ್ತವೆ. ವರ್ಷಗಟ್ಟಲೆ ದುಡಿದವರಿಗೆ ಪ್ರಕಟಣೆಯಿಂದ ಸಿಗುವುದು ಹೆಸರೊಂದೇ. ನೌಕರಿ, ಬಡ್ತಿ, ಅನುದಾನ ಎಲ್ಲವೂ ಆ ಹೆಸರಿನ ಬೆನ್ನಿಗೇ ಬರುತ್ತವೆ. ಹಾಗಾಗಿ ಇಲ್ಲಿ ಹೆಸರು ತಪ್ಪಿಸುವುದೆಂದರೆ ಕೂಲಿ ತಪ್ಪಿಸಿದಂತೆಯೇ. ಈಗಾಗಲೇ ಹೆಸರಾದವರಿಗೇ ಮತ್ತಷ್ಟು ಮನ್ನಣೆ ಹರಿಯುವ ಪರಿಯನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1968ರಲ್ಲಿ ವಿವರಿಸಿ, ಬೈಬಲ್ಲಿನ ಮತ್ತಾಯನ ಸುವಾರ್ತೆಯ ಜಾಡಿನಲ್ಲಿ ಅದನ್ನು ‘ಮ್ಯಾಥ್ಯೂ ಪರಿಣಾಮ’ ಎಂದು ಕರೆದರು. ಆ ಲೇಖನಕ್ಕೆ ಆಧಾರವಾಗಿದ್ದು ಹ್ಯಾರಿಯೆಟ್ ಝುಕರ್‌ಮನ್ ನೊಬೆಲ್ ಪುರಸ್ಕೃತರೊಂದಿಗೆ ನಡೆಸಿದ್ದ ಸಂದರ್ಶನಗಳು. ಲೇಖನದ ಮೇಲಿದ್ದದ್ದು ಮರ್ಟನ್ ಹೆಸರೊಂದೇ. ಅದು ಇಬ್ಬರ ಹೆಸರಿನಲ್ಲಿ ಬರಬೇಕಿತ್ತೆಂದು 1973ರ ಮರುಮುದ್ರಣದ ಅಡಿಟಿಪ್ಪಣಿಯಲ್ಲಿ ಅವರು ಬರೆದರು. ಮನ್ನಣೆಯ ಅನ್ಯಾಯವನ್ನೇ ವಿಷಯವಾಗಿಸಿಕೊಂಡ ಲೇಖನಕ್ಕೂ ಅದರ ಸೋಂಕು ತಪ್ಪಲಿಲ್ಲ.

ಕೃತಿಚೌರ್ಯ ಮತ್ತು ಹಕ್ಕುಸ್ವಾಮ್ಯದ ಉಲ್ಲಂಘನೆ ಒಂದೇ ಎಂದು ಭಾವಿಸುವವರಿದ್ದಾರೆ. ಅವು ಬೇರೆ ಬೇರೆ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಸಾಹಿತ್ಯ ಕೃತಿಯ ಹಕ್ಕು ಲೇಖಕರ ಮರಣದ ನಂತರ 60 ವರ್ಷ ಉಳಿಯುತ್ತದೆ, ಆಮೇಲೆ ಯಾರು ಬೇಕಾದರೂ ಅದನ್ನು ಅಚ್ಚು ಹಾಕಿಸಬಹುದು. ಆದರೆ ನೂರು ವರ್ಷ ಹಳೆಯ ವಿದ್ವಾಂಸರ ವಾದವನ್ನು ತನ್ನ ಮಹಾಪ್ರಬಂಧದಲ್ಲಿ ಹೆಸರಿಲ್ಲದೆ ಇಳಿಸಿಕೊಂಡವರು, ಕಾನೂನು ಮುರಿಯದಿದ್ದರೂ ಕೃತಿಚೌರ್ಯ ಮಾಡಿದಂತೆಯೇ. ಇನ್ನೊಂದು ಕಡೆ, ಹೆಸರು ಹೇಳಿಯೂ ಇಡೀ ಅಧ್ಯಾಯವನ್ನು ಅನುಮತಿಯಿಲ್ಲದೆ ಅಚ್ಚು ಹಾಕಿದರೆ ಅದು ಹಕ್ಕಿನ ಉಲ್ಲಂಘನೆಯಾಗುತ್ತದೆ, ಕೃತಿಚೌರ್ಯವಾಗುವುದಿಲ್ಲ. ಎರಡೂ ಸಂಧಿಸುವ ಜಾಗ ಕಾಯ್ದೆಯ 57ನೇ ಕಲಮು. ಹಕ್ಕನ್ನು ಮಾರಿಬಿಟ್ಟ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಅಧಿಕಾರವನ್ನು ಅದು ಲೇಖಕರಲ್ಲೇ ಉಳಿಸುತ್ತದೆ.

ಕಳವಿನ ಬಗೆಗಳನ್ನು ವಿಂಗಡಿಸುವ ಕೆಲಸ ಹೊಸದಲ್ಲ. ಸುಮಾರು ಹತ್ತನೇ ಶತಮಾನದ ಹೊತ್ತಿಗೆ ಸಂಸ್ಕೃತ ಕವಿ ರಾಜಶೇಖರ ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಶಬ್ದಹರಣ, ಅರ್ಥಹರಣ ಎಂದು ಎರಡು ಕವಲು ಮಾಡಿ, ಒಂದೊಂದರಲ್ಲೂ ಒಳಭೇದಗಳನ್ನು ಗುರುತಿಸಿದ. ಅರ್ಥವೆಲ್ಲ ಹಳೆಯದೇ ಇದ್ದು ಪದಜೋಡಣೆ ಮಾತ್ರ ಬದಲಾದರೆ ಅದನ್ನು ‘ಪ್ರತಿಬಿಂಬಕಲ್ಪ’ ಎಂದ. ಇಂದಿನ ವಿದ್ಯಾರ್ಥಿಯೊಬ್ಬ ಇಂಟರ್ನೆಟ್ಟಿನಲ್ಲಿ ಸಿಕ್ಕ ಪ್ಯಾರಾವನ್ನು ಸಮಾನಾರ್ಥಕ ಪದಗಳಿಂದ ತುಂಬಿ ಒಪ್ಪಿಸುತ್ತಾನಲ್ಲ, ಅದು ಇದೇ ವರ್ಗ. ರಾಜಶೇಖರನಿಗೆ ಕವಿಗಳ ಎರವಲಿನ ಬಗ್ಗೆ ಒಂದಷ್ಟು ಸಹನೆಯೂ ಇತ್ತು. ಚೆನ್ನಾಗಿ ಪಡೆದು ಬೆಳೆಸುವುದನ್ನು ಅವನು ಜಾಣತನವೆಂದೇ ಎಣಿಸಿದ. ಸಂಶೋಧನೆಯಲ್ಲಿ ಆ ಸಡಿಲಿಕೆಗೆ ಎಡೆಯಿಲ್ಲ, ಏಕೆಂದರೆ ಇಲ್ಲಿ ಆಕರದ ಹೆಸರು ಬರೀ ಮರ್ಯಾದೆಯ ವಿಷಯವಲ್ಲ. ಹೇಳಿದ್ದು ನಿಜವೇ ಎಂದು ಓದುಗರು ಹಿಂದಕ್ಕೆ ಹೋಗಿ ನೋಡುವ ದಾರಿ ಅದು.

ಈಗಿನ ಕಾಲದ ಪಟ್ಟಿಯಲ್ಲಿ ಪದಗಳ ನಕಲು ಎಲ್ಲಕ್ಕಿಂತ ಒರಟು ಬಗೆ. ವಿಚಾರದ ಕಳವು ಅದಕ್ಕಿಂತ ನಯವಾದದ್ದು. ಅಪ್ರಕಟಿತ ಹಸ್ತಪ್ರತಿಯನ್ನು ಪರಿಶೀಲನೆಗೆಂದು ಓದಿದವರು ಅದರ ಹೊಳಹನ್ನು ತಮ್ಮ ಮುಂದಿನ ಯೋಜನೆಯಲ್ಲಿ ಸೇರಿಸಿಕೊಂಡರೆ ಜಾಡು ಹಿಡಿಯುವುದು ಕಷ್ಟ. ಚಿತ್ರಗಳ ವಿಷಯವೂ ಇದೆ. ಎಲಿಜಬೆತ್ ಬಿಕ್ ಮತ್ತು ಸಂಗಡಿಗರು ಜೀವವೈದ್ಯಕೀಯ ಕ್ಷೇತ್ರದ 20,621 ಲೇಖನಗಳನ್ನು ಕಣ್ಣಿಂದಲೇ ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಶೇ 3.8ರಷ್ಟರಲ್ಲಿ ಪುನರಾವರ್ತಿತ ಅಥವಾ ತಿರುಚಿದಂತೆ ಕಾಣುವ ಚಿತ್ರಗಳಿದ್ದವು. ತಾನೇ ಹಿಂದೆ ಪ್ರಕಟಿಸಿದ್ದನ್ನು ಹೊಸದೆಂಬಂತೆ ಮತ್ತೆ ಕೊಡುವುದನ್ನೂ ಪತ್ರಿಕೆಗಳು ಒಪ್ಪುವುದಿಲ್ಲ. ಕಳ್ಳನೂ ಕಳೆದುಕೊಂಡವನೂ ಒಬ್ಬನೇ ಆದ ಈ ಪ್ರಕರಣದಲ್ಲಿ ಮೋಸಹೋಗುವವರು ಅದನ್ನು ಎರಡು ಬಾರಿ ಎಣಿಸುವ ಓದುಗರು ಮತ್ತು ಬಡ್ತಿ ಸಮಿತಿಗಳು.

ಸಿಕ್ಕಿಬಿದ್ದವರಲ್ಲಿ ದೊಡ್ಡ ಹೆಸರುಗಳು ಕಡಿಮೆಯೇನಲ್ಲ. ಜರ್ಮನಿಯ ರಕ್ಷಣಾ ಸಚಿವರಾಗಿದ್ದ ಕಾರ್ಲ್-ಥಿಯೊಡೋರ್ ಝು ಗುಟೆನ್‌ಬರ್ಗ್ ಅವರ ಕಾನೂನು ಮಹಾಪ್ರಬಂಧವನ್ನು 2011ರ ಫೆಬ್ರುವರಿಯಲ್ಲಿ ಸ್ವಯಂಸೇವಕರ ಗುಂಪೊಂದು ಪುಟಪುಟವಾಗಿ ಜಾಲಾಡಿತು. ಬಹುತೇಕ ಪುಟಗಳಲ್ಲಿ ಎತ್ತಿಕೊಂಡ ಭಾಗಗಳು ಕಂಡವು. ಬೈರಾಯ್ಟ್ ವಿಶ್ವವಿದ್ಯಾಲಯ ಡಾಕ್ಟರೇಟ್ ವಾಪಸು ಪಡೆಯಿತು, ಮಾರ್ಚ್ 1ರಂದು ಅವರು ರಾಜೀನಾಮೆ ಕೊಟ್ಟರು. ಎರಡು ವರ್ಷದ ನಂತರ ಅದೇ ದೇಶದ ಶಿಕ್ಷಣ ಸಚಿವೆ ಆನೆಟ್ಟೆ ಶಾವಾನ್ ಕೂಡ ಡಾಕ್ಟರೇಟ್ ಮತ್ತು ಹುದ್ದೆ ಎರಡನ್ನೂ ಕಳೆದುಕೊಂಡರು. ನಡುವೆ 2012ರಲ್ಲಿ ಹಂಗೆರಿಯ ಅಧ್ಯಕ್ಷ ಪಾಲ್ ಶ್ಮಿಟ್ ಇದೇ ಕಾರಣಕ್ಕೆ ಇಳಿದಿದ್ದರು. ಭಾರತದಲ್ಲಿ ಕುಮಾವ್ ವಿಶ್ವವಿದ್ಯಾಲಯದ ಅಂದಿನ ಕುಲಪತಿಯ ಹೆಸರಿದ್ದ ಭೌತವಿಜ್ಞಾನದ ಲೇಖನವೊಂದು ಸ್ಟ್ಯಾನ್‌ಫರ್ಡ್‌ನ ಪ್ರಾಧ್ಯಾಪಕಿಯೊಬ್ಬರ ಲೇಖನದ ನಕಲೆಂದು 2002ರಲ್ಲಿ ಬಯಲಾಯಿತು. ಸ್ಟ್ಯಾನ್‌ಫರ್ಡ್‌ನ ಭೌತವಿಜ್ಞಾನಿಗಳು ರಾಷ್ಟ್ರಪತಿ ಅಬ್ದುಲ್ ಕಲಾಂ ಅವರಿಗೇ ಪತ್ರ ಬರೆದರು, ಮರುವರ್ಷ ಕುಲಪತಿ ಹುದ್ದೆ ಬಿಟ್ಟರು.

ಭಾರತದಲ್ಲಿ ಇದಕ್ಕೆ ವಿವರವಾದ ನಿಯಮಾವಳಿ ಬಂದದ್ದು 2018ರಲ್ಲಿ. ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, ಸಾಮ್ಯತೆಯನ್ನು ನಾಲ್ಕು ಹಂತ ಮಾಡಿತು. ಶೇ 10ರವರೆಗೆ ದಂಡನೆಯಿಲ್ಲ. ಅದರ ಮೇಲೆ ಶೇ 40ರವರೆಗೆ ಇದ್ದರೆ ವಿದ್ಯಾರ್ಥಿ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. ಶೇ 60ರವರೆಗೆ ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. ಅದನ್ನೂ ದಾಟಿದರೆ ನೋಂದಣಿಯೇ ರದ್ದು. ಅಧ್ಯಾಪಕರ ಪ್ರಕಟಣೆಗಳಲ್ಲಿ ಹೀಗಾದರೆ ಲೇಖನ ಹಿಂಪಡೆಯಬೇಕು. ಹಂತ ಏರಿದಂತೆ ಒಂದು ಅಥವಾ ಎರಡು ವರ್ಷದ ವೇತನ ಬಡ್ತಿ ಕೈತಪ್ಪುತ್ತದೆ, ಎರಡು ಅಥವಾ ಮೂರು ವರ್ಷ ಹೊಸ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡುವಂತಿಲ್ಲ. ಸಾರಾಂಶ, ಊಹೆ, ವೀಕ್ಷಣೆ, ಫಲಿತಾಂಶ, ತೀರ್ಮಾನಗಳಂಥ ತಿರುಳಿನ ಭಾಗಗಳಲ್ಲಿ ಸಾಮ್ಯತೆಯೇ ಇರಬಾರದು, ಸಾಮಾನ್ಯ ಜ್ಞಾನ ಅಥವಾ ಕಾಕತಾಳೀಯವಾಗಿ ಬಂದ 14 ಸತತ ಪದಗಳವರೆಗಿನ ಹೋಲಿಕೆಗೆ ಮಾತ್ರ ವಿನಾಯಿತಿ ಎಂದೂ ನಿಯಮ ಹೇಳುತ್ತದೆ.

ಶೇಕಡಾವಾರು ಲೆಕ್ಕಕ್ಕೆ ಅನುಕೂಲವಿದೆ, ಕಚೇರಿಯ ಗುಮಾಸ್ತರೂ ಅದನ್ನು ಓದಬಲ್ಲರು. ಅದರ ಕೊರತೆಯೂ ಅಲ್ಲೇ ಇದೆ. ತಂತ್ರಾಂಶ ಅಳೆಯುವುದು ಪದಗಳ ಹೋಲಿಕೆಯನ್ನು, ಕಳವನ್ನಲ್ಲ. ಪ್ರಯೋಗವಿಧಾನವನ್ನು ಎಲ್ಲರೂ ಬರೆಯುವಂತೆಯೇ ಬರೆದ ಪ್ರಾಮಾಣಿಕ ವಿದ್ಯಾರ್ಥಿಗೆ ಶೇ 18 ಬರಬಹುದು, ಇನ್ನೊಬ್ಬರ ಮುಖ್ಯ ವಾದವನ್ನೇ ತನ್ನ ಮಾತಿನಲ್ಲಿ ಹೇಳಿಕೊಂಡವರಿಗೆ ಶೇ 3. ಆ ವರದಿಯನ್ನು ಓದಿ ತೀರ್ಪು ಕೊಡಬೇಕಾದವರು ವಿಷಯ ಬಲ್ಲವರು. ಆದರೆ ಬಹಳ ಕಡೆ ಸಂಖ್ಯೆ ಹತ್ತರ ಕೆಳಗಿಳಿದರೆ ಅಲ್ಲಿಗೆ ಪ್ರಶ್ನೆ ಮುಗಿಯುತ್ತದೆ. ಸಂಖ್ಯೆ ಇಳಿಸಿಕೊಡುವುದೇ ಒಂದು ಸಣ್ಣ ವ್ಯಾಪಾರವಾಗಿ ಬೆಳೆದದ್ದು ಆಶ್ಚರ್ಯವಲ್ಲ.

ಕನ್ನಡದಲ್ಲಿ ಬರೆದ ಮಹಾಪ್ರಬಂಧಗಳ ಮಟ್ಟಿಗೆ ಈ ಅಳತೆಗೋಲು ಇನ್ನೂ ಸಡಿಲ. ನುಡಿ, ಬರಹ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಬೆರಳಚ್ಚಾದ ಪಠ್ಯ ಪರದೆಯ ಮೇಲೆ ಕನ್ನಡದಂತೆ ಕಂಡರೂ ಕಂಪ್ಯೂಟರಿನ ಒಳಗೆ ರೋಮನ್ ಅಕ್ಷರಗಳ ಚೆಲ್ಲಾಪಿಲ್ಲಿ. ಅದನ್ನು ಯೂನಿಕೋಡಿಗೆ ಪರಿವರ್ತಿಸದ ಹೊರತು ತಂತ್ರಾಂಶಕ್ಕೆ ಹೋಲಿಸಲು ಏನೂ ಸಿಗದು. ಹಳೆಯ ಪುಸ್ತಕಗಳಲ್ಲಿ ಹೆಚ್ಚಿನವು ಇದ್ದರೂ ಸ್ಕ್ಯಾನ್ ಮಾಡಿದ ಚಿತ್ರಗಳಾಗಿಯೇ ಇವೆ. ವಿಭಕ್ತಿ, ಕಾಲ, ಲಿಂಗ, ವಚನಗಳೆಲ್ಲ ಪದಕ್ಕೇ ಅಂಟಿಕೊಳ್ಳುವ ಭಾಷೆಯಲ್ಲಿ ಒಂದು ಪ್ರತ್ಯಯ ಬದಲಿಸಿದರೆ ಯಂತ್ರದ ಕಣ್ಣಿಗೆ ಅದು ಹೊಸ ಪದ. ಇಂಗ್ಲಿಷಿನ ಹದಿನಾಲ್ಕು ಪದಗಳ ಮಾತು ಕನ್ನಡದಲ್ಲಿ ಎಂಟೊಂಬತ್ತು ಪದಕ್ಕೆ ಮುಗಿಯುವುದರಿಂದ 14 ಪದಗಳ ವಿನಾಯಿತಿ ಇಲ್ಲಿ ಒಂದೂವರೆ ವಾಕ್ಯಕ್ಕೆ ಪರವಾನಗಿ ಕೊಟ್ಟಂತೆ. ಎಲ್ಲಕ್ಕಿಂತ ಸುಲಭದ ದಾರಿ ಇಂಗ್ಲಿಷ್ ಪುಸ್ತಕವೊಂದರ ಅಧ್ಯಾಯವನ್ನು ಅನುವಾದಿಸಿ ಸ್ವಂತದ್ದೆಂದು ಸೇರಿಸುವುದು. ಪದಕ್ಕೆ ಪದ ಹೋಲಿಸುವ ತಂತ್ರಾಂಶ ಅದನ್ನು ದಾಟಿಸಿಬಿಡುತ್ತದೆ. ಮೂಲ ಪುಸ್ತಕವನ್ನೂ ಓದಿದ ಪರೀಕ್ಷಕರಿದ್ದರೆ ಮಾತ್ರ ಅದು ಸಿಕ್ಕಿಬೀಳುತ್ತದೆ.

ಲೇಖಕರ ಸಾಲಿನ ಪ್ರಶ್ನೆ ಇದಕ್ಕಿಂತ ಜಟಿಲ. ಯಾರು ಲೇಖಕರು ಎಂಬುದಕ್ಕೆ ಹೆಚ್ಚು ಬಳಕೆಯಲ್ಲಿರುವ ಮಾನದಂಡ ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯದು. 1978ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿದ ಸಂಪಾದಕರ ಗುಂಪಿನಿಂದ ಈ ಸಮಿತಿ ಹುಟ್ಟಿತು. ಅದರ ಪ್ರಕಾರ ನಾಲ್ಕು ಷರತ್ತುಗಳೂ ಒಟ್ಟಿಗೆ ಈಡೇರಬೇಕು: ಅಧ್ಯಯನದ ಕಲ್ಪನೆ, ವಿನ್ಯಾಸ, ಮಾಹಿತಿ ಸಂಗ್ರಹ ಅಥವಾ ವಿಶ್ಲೇಷಣೆಯಲ್ಲಿ ಗಣನೀಯ ಪಾಲು; ಬರವಣಿಗೆ ಇಲ್ಲವೇ ಮಹತ್ವದ ತಿದ್ದುಪಡಿ; ಅಂತಿಮ ಪ್ರತಿಗೆ ಒಪ್ಪಿಗೆ; ಇಡೀ ಕೆಲಸಕ್ಕೆ ಉತ್ತರದಾಯಿಯಾಗುವ ಸಿದ್ಧತೆ. ಕೊನೆಯ ಷರತ್ತು ಸೇರಿದ್ದು 2013ರಲ್ಲಿ. ಹಣ ಒದಗಿಸಿದ್ದು, ಪ್ರಯೋಗಾಲಯ ಬಿಟ್ಟುಕೊಟ್ಟದ್ದು, ವಿಭಾಗದ ಮುಖ್ಯಸ್ಥರಾಗಿದ್ದದ್ದು ಇವಿಷ್ಟರಿಂದಲೇ ಯಾರೂ ಲೇಖಕರಾಗುವುದಿಲ್ಲ, ಅವರ ಜಾಗ ಕೃತಜ್ಞತೆಯ ಪ್ಯಾರಾದಲ್ಲಿ. ಭಾರತದ ಹಲವು ವಿಭಾಗಗಳಲ್ಲಿ ಗೈಡ್ ಹೆಸರು ತಾನಾಗಿಯೇ ಸೇರುವ ವಾಡಿಕೆಯನ್ನು ಈ ಷರತ್ತುಗಳ ಪಕ್ಕ ಇಟ್ಟು ನೋಡಿದರೆ ಎರಡಕ್ಕೂ ಇರುವ ದೂರ ತಿಳಿಯುತ್ತದೆ.

ದುಡಿಯದವರ ಹೆಸರು ಸೇರಿಸುವುದನ್ನು ಉಡುಗೊರೆ ಲೇಖಕತ್ವ ಎನ್ನುತ್ತಾರೆ. ಉಡುಗೊರೆಯಿಂದ ಯಾರಿಗೂ ನಷ್ಟವಿಲ್ಲವೆಂದು ತೋರಬಹುದು. ನಷ್ಟಕ್ಕೆ ಪ್ರಸಿದ್ಧ ನಿದರ್ಶನ 1948ರದು. ಬ್ರಹ್ಮಾಂಡದ ಆರಂಭದಲ್ಲಿ ಮೂಲಧಾತುಗಳು ರೂಪುಗೊಂಡ ಬಗೆಯನ್ನು ರಾಲ್ಫ್ ಆಲ್ಫರ್ ತನ್ನ ಪಿಎಚ್.ಡಿ. ಕೆಲಸವಾಗಿ ಲೆಕ್ಕಹಾಕಿದ್ದ. ಗೈಡ್ ಜಾರ್ಜ್ ಗ್ಯಾಮೋ ವಿನೋದಪ್ರಿಯ. ಆಲ್ಫರ್, ಗ್ಯಾಮೋ ನಡುವೆ ಬೇಥೆ ಇದ್ದರೆ ಗ್ರೀಕ್ ಅಕ್ಷರಮಾಲೆಯ ಆಲ್ಫಾ, ಬೀಟಾ, ಗ್ಯಾಮಾ ಆಗುತ್ತದಲ್ಲ ಎಂದು, ಕೆಲಸದಲ್ಲಿ ಪಾಲಿಲ್ಲದ ಖ್ಯಾತ ಭೌತವಿಜ್ಞಾನಿ ಹಾನ್ಸ್ ಬೇಥೆಯ ಹೆಸರು ಸೇರಿಸಿದ. ‘ಫಿಸಿಕಲ್ ರಿವ್ಯೂ’ ಅದನ್ನು ಏಪ್ರಿಲ್ 1ರ ಸಂಚಿಕೆಯಲ್ಲಿ ಪ್ರಕಟಿಸಿತು. ಇಬ್ಬರು ದಿಗ್ಗಜರ ನಡುವೆ ಹೆಸರು ಕೇಳಿರದ ವಿದ್ಯಾರ್ಥಿಯೊಬ್ಬನಿದ್ದರೆ ಜಗತ್ತು ಯಾರಿಗೆ ಶ್ರೇಯ ಕೊಡುತ್ತದೆ? ಆ ತಮಾಷೆ ಆಲ್ಫರನಿಗೆ ಕೊನೆಯವರೆಗೂ ರುಚಿಸಲಿಲ್ಲ.

ಯಾರಿಗೂ ನೋವಾಗದ ಉಡುಗೊರೆಯೂ ಒಂದಿದೆ. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಜ್ಯಾಕ್ ಹೆದರಿಂಗ್ಟನ್ ಒಬ್ಬರೇ ಬರೆದ ಲೇಖನದ ತುಂಬ ‘ನಾವು’ ಎಂದು ಬಳಸಿದ್ದರು. ಏಕಲೇಖಕರ ಬರಹದಲ್ಲಿ ಪತ್ರಿಕೆ ಅದನ್ನು ಒಪ್ಪುವುದಿಲ್ಲ ಎಂದು ಸಹೋದ್ಯೋಗಿ ಎಚ್ಚರಿಸಿದಾಗ, ಎಲ್ಲವನ್ನೂ ಮತ್ತೆ ಟೈಪ್ ಮಾಡುವ ಬದಲು ತಮ್ಮ ಸಯಾಮಿ ಬೆಕ್ಕನ್ನು ಎಫ್.ಡಿ.ಸಿ. ವಿಲ್ಲರ್ಡ್ ಎಂಬ ಹೆಸರಿನಲ್ಲಿ ಸಹಲೇಖಕನನ್ನಾಗಿಸಿದರು. 1975ರ ‘ಫಿಸಿಕಲ್ ರಿವ್ಯೂ ಲೆಟರ್ಸ್’ನಲ್ಲಿ ಅದು ಹಾಗೆಯೇ ಅಚ್ಚಾಗಿದೆ.

ಹೆಸರು ಸೇರಿದರೂ ಸಾಲದು, ಎಲ್ಲಿ ಸೇರಿತೆಂಬುದೂ ಲೆಕ್ಕಕ್ಕೆ ಬರುತ್ತದೆ. ಜೀವವಿಜ್ಞಾನ ಮತ್ತು ವೈದ್ಯಕೀಯದಲ್ಲಿ ಮೊದಲ ಹೆಸರು ಕೆಲಸ ಮಾಡಿದವರದು, ಕೊನೆಯ ಹೆಸರು ಪ್ರಯೋಗಾಲಯದ ಹಿರಿಯರದು, ನಡುವಿನವರನ್ನು ಯಾರೂ ನೆನಪಿಡುವುದಿಲ್ಲ. ಗಣಿತ ಮತ್ತು ಅರ್ಥಶಾಸ್ತ್ರದಲ್ಲಿ ಅಕಾರಾದಿ ಕ್ರಮ. ಇದು ನ್ಯಾಯವೆನಿಸಿದರೂ, ಅಮೆರಿಕದ ಪ್ರತಿಷ್ಠಿತ ಅರ್ಥಶಾಸ್ತ್ರ ವಿಭಾಗಗಳಲ್ಲಿ ಅಕ್ಷರಮಾಲೆಯ ಮುಂಭಾಗದ ಕುಲನಾಮದವರಿಗೆ ಕಾಯಂ ಹುದ್ದೆ ಸಿಗುವ ಸಾಧ್ಯತೆ ಹೆಚ್ಚೆಂದು 2006ರ ಅಧ್ಯಯನವೊಂದು ತೋರಿಸಿತು. ಕುಲನಾಮವೇ ಇಲ್ಲದ, ಊರು ಮತ್ತು ತಂದೆಯ ಹೆಸರನ್ನು ಇನಿಷಿಯಲ್ ಆಗಿ ಹೊತ್ತ ಕನ್ನಡಿಗರ ಪಾಡು ಬೇರೆ. ವಿದೇಶಿ ಸೂಚಿಗಳಲ್ಲಿ ಒಮ್ಮೆ ತಂದೆಯ ಹೆಸರು ಕುಲನಾಮವಾಗುತ್ತದೆ, ಇನ್ನೊಮ್ಮೆ ಊರು. ಒಬ್ಬರ ಕೆಲಸ ಮೂರು ಜನರದ್ದಾಗಿ ಹರಿದುಹೋಗುತ್ತದೆ. ಪ್ರತಿ ಸಂಶೋಧಕರಿಗೂ 16 ಅಂಕಿಗಳ ಗುರುತು ಕೊಡುವ ಆರ್ಕಿಡ್ ವ್ಯವಸ್ಥೆ 2012ರಲ್ಲಿ ಬಂದಮೇಲೆ ಈ ತೊಡಕು ಸ್ವಲ್ಪ ಸಡಿಲವಾಗಿದೆ.

ಬಹುಮಾನಗಳು ಬಂದಾಗ ಸಾಲು ಇನ್ನೂ ಕಿರಿದಾಗುತ್ತದೆ. ಚದುರಿದ ಬೆಳಕಿನ ಹೊಸ ಪರಿಣಾಮವನ್ನು ವರದಿಮಾಡಿದ 1928ರ ಮಾರ್ಚ್ ಅಂತ್ಯದ ‘ನೇಚರ್’ ಪತ್ರದ ಮೇಲೆ ಸಿ.ವಿ. ರಾಮನ್, ಕೆ.ಎಸ್. ಕೃಷ್ಣನ್ ಇಬ್ಬರ ಹೆಸರೂ ಇದೆ. ಅದೇ ತಿಂಗಳ 16ರಂದು ಬೆಂಗಳೂರಿನಲ್ಲಿ ಮಾಡಿದ ಉಪನ್ಯಾಸದಲ್ಲಿ ರಾಮನ್ ಕೃಷ್ಣನ್‌ರ ಸಹಯೋಗವನ್ನೂ ವೆಂಕಟೇಶ್ವರನ್‌ರ ನೆರವನ್ನೂ ಹೆಸರಿಸಿ ಸ್ಮರಿಸಿದ್ದರು. 1930ರ ನೊಬೆಲ್ ಬಂದದ್ದು ರಾಮನ್‌ಗೆ ಮಾತ್ರ, ಪರಿಣಾಮಕ್ಕೆ ನಿಂತದ್ದೂ ಅವರ ಹೆಸರೇ. ಪ್ರೋಟೀನುಗಳ ಆಕಾರವನ್ನು ಅಳೆಯುವ ‘ರಾಮಚಂದ್ರನ್ ನಕ್ಷೆ’ಯ 1963ರ ಮೂಲ ಲೇಖನದಲ್ಲಿ ಜಿ.ಎನ್. ರಾಮಚಂದ್ರನ್ ಜೊತೆ ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಇದ್ದಾರೆ. ಪಠ್ಯಪುಸ್ತಕಕ್ಕೆ ಒಂದು ಹೆಸರು ಸಾಕಾಯಿತು. ಕೇಂಬ್ರಿಜ್‌ನಲ್ಲಿ 1967ರಲ್ಲಿ ಪಲ್ಸಾರ್‌ನ ಮಿಡಿತವನ್ನು ಮೊದಲು ಗಮನಿಸಿದ್ದು ಸಂಶೋಧನಾ ವಿದ್ಯಾರ್ಥಿನಿ ಜಾಸಲಿನ್ ಬೆಲ್. ಲೇಖನದಲ್ಲಿ ಆಕೆ ಎರಡನೆಯ ಲೇಖಕಿ. 1974ರ ನೊಬೆಲ್ ಗೈಡ್ ಆಂಟನಿ ಹ್ಯುಯಿಶ್ ಮತ್ತು ಮಾರ್ಟಿನ್ ರೈಲ್ ಅವರಿಗೆ ಹೋಯಿತು. ಈ ಮೂರೂ ಕಡೆ ಲೇಖಕರ ಸಾಲಿನಲ್ಲಿ ತಪ್ಪಿರಲಿಲ್ಲ. ಸಾಲನ್ನು ಮೊಟಕುಗೊಳಿಸಿದ್ದು ಬಹುಮಾನ ಮತ್ತು ಬಳಕೆ.

ಮನ್ನಣೆಯ ಇನ್ನೊಂದು ಮುಖ ಹೊಣೆ. ಅಮೆರಿಕದ ಬೆಲ್ ಲ್ಯಾಬ್ಸ್ ಪ್ರಯೋಗಾಲಯದ ಯಾನ್ ಹೆಂಡ್ರಿಕ್ ಶೋನ್ ಹುಸಿ ಅಂಕಿಅಂಶಗಳನ್ನು ಸೃಷ್ಟಿಸಿದ್ದು 2002ರಲ್ಲಿ ಬಯಲಾದಾಗ ತನಿಖಾ ಸಮಿತಿ 24 ಆರೋಪಗಳಲ್ಲಿ 16ನ್ನು ಎತ್ತಿಹಿಡಿದು, ಸಹಲೇಖಕರನ್ನು ವಂಚನೆಯಿಂದ ಮುಕ್ತಗೊಳಿಸಿತು. ಪ್ರಶಂಸೆ ಬಂದಾಗ ಹಂಚಿಕೊಂಡವರು ಅಂಕಿಅಂಶವನ್ನು ಎಷ್ಟು ಪರೀಕ್ಷಿಸಿದ್ದರು ಎಂಬ ಪ್ರಶ್ನೆ ಮಾತ್ರ ಉಳಿಯಿತು. ಬೆಂಗಳೂರಿನಲ್ಲೂ ಇದರ ಸೌಮ್ಯ ರೂಪವೊಂದು ಚರ್ಚೆಯಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ತಂಡವೊಂದು 2011ರಲ್ಲಿ ‘ಅಡ್ವಾನ್ಸ್‌ಡ್ ಮೆಟೀರಿಯಲ್ಸ್’ನಲ್ಲಿ ಪ್ರಕಟಿಸಿದ ಲೇಖನದಲ್ಲಿ ಬೇರೆಯವರ ಕೆಲವು ವಾಕ್ಯಗಳು ಹಾಗೆಯೇ ಬಂದಿದ್ದವು. ಹಿರಿಯ ವಿಜ್ಞಾನಿ ಸಿ.ಎನ್.ಆರ್. ರಾವ್ ಅದರ ಸಹಲೇಖಕರಲ್ಲೊಬ್ಬರು. ಲೇಖಕರು ಅದೇ ಪತ್ರಿಕೆಯಲ್ಲಿ ಕ್ಷಮೆ ಕೋರಿದರು. ವೈಜ್ಞಾನಿಕ ಫಲಿತಾಂಶ ಅಲ್ಲಿ ವಿವಾದದ ವಿಷಯವಾಗಿರಲಿಲ್ಲ. ಕಿರಿಯರು ಬರೆದ ಪ್ಯಾರಾಗಳಿಗೆ ಹಿರಿಯರು ಎಷ್ಟು ಉತ್ತರದಾಯಿಗಳು ಎಂಬುದೇ ಚರ್ಚೆಯ ಕೇಂದ್ರವಾಯಿತು.

ಹೊಣೆ ಮತ್ತು ಮನ್ನಣೆ ಎರಡನ್ನೂ ಬಿಡಿಸಿ ತೋರಿಸುವ ಒಂದು ಪ್ರಯತ್ನ, 2014ರ ಸುಮಾರಿಗೆ ರೂಪುಗೊಂಡ ‘ಕ್ರೆಡಿಟ್’ ಪಟ್ಟಿ. ಕಲ್ಪನೆ, ವಿಧಾನ, ತಂತ್ರಾಂಶ, ವಿಶ್ಲೇಷಣೆ, ಮೊದಲ ಕರಡು, ಮೇಲ್ವಿಚಾರಣೆ ಹೀಗೆ 14 ಪಾತ್ರಗಳಿವೆ. ಯಾರು ಯಾವುದನ್ನು ಮಾಡಿದರೆಂದು ಲೇಖನದ ಕೊನೆಯಲ್ಲಿ ನಮೂದಿಸಬೇಕು. ಹೆಸರಿನ ಸಾಲೊಂದೇ ಸಾಲದೆಂಬುದಕ್ಕೆ ನಿದರ್ಶನವೂ ಇದೆ. 2015ರಲ್ಲಿ ಹಿಗ್ಸ್ ಕಣದ ದ್ರವ್ಯರಾಶಿಯ ಬಗ್ಗೆ ಯುರೋಪಿನ ಕಣಭೌತವಿಜ್ಞಾನ ಪ್ರಯೋಗಾಲಯ ಸರ್ನ್‌ನ ಎರಡು ತಂಡಗಳು ಸೇರಿ ಬರೆದ ಲೇಖನಕ್ಕೆ 5,154 ಲೇಖಕರು. ಅದರ 33 ಪುಟಗಳಲ್ಲಿ 24 ಪುಟ ಹೆಸರು ಮತ್ತು ಸಂಸ್ಥೆಗಳಿಗೇ ಹೋಗಿವೆ. ಅಂಥ ಕಡೆ ಲೇಖಕ ಎಂಬುದಕ್ಕೆ ಬರೆದವನೆಂಬ ಅರ್ಥ ಉಳಿದಿಲ್ಲ.

ಜಾನಪದದಂಥ ಕ್ಷೇತ್ರಕಾರ್ಯದಲ್ಲಿ ಮನ್ನಣೆ ತಪ್ಪುವವರು ವಿಶ್ವವಿದ್ಯಾಲಯದ ಹೊರಗಿರುತ್ತಾರೆ. ರಾತ್ರಿಯಿಡೀ ಹಾಡಿದವರು ‘ವಕ್ತೃ’ ಎಂಬ ಒಂದು ಸಾಲಿಗೆ ಇಳಿದು, ಧ್ವನಿಮುದ್ರಿಸಿದವರ ಹೆಸರು ಮುಖಪುಟಕ್ಕೇರುವುದು ಬಹುಕಾಲದ ರೂಢಿ. ಅದನ್ನು ಮುರಿದ ಒಂದು ಗ್ರಂಥ ತುಳುನಾಡಿನದು. ಬೆಳ್ತಂಗಡಿ ತಾಲ್ಲೂಕಿನ ಮಾಚಾರಿನ ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ಸಿರಿ ಪಾಡ್ದನವೆಂಬ ತುಳು ಕಥನಗೀತೆಯನ್ನು ಹೇಳಿ ಬರೆಸಿದರು, ಅದು 15,683 ಸಾಲುಗಳಾಯಿತು. ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅದನ್ನು ಆನ್ನೆಲಿ ಹೊಂಕೊ, ವಿವೇಕ ರೈ, ಚಿನ್ನಪ್ಪ ಗೌಡರ ಸಹಯೋಗದಲ್ಲಿ 1998ರಲ್ಲಿ ಪ್ರಕಟಿಸಿದಾಗ ಗ್ರಂಥದ ಶೀರ್ಷಿಕೆಯಲ್ಲೇ ಗೋಪಾಲ ನಾಯ್ಕರ ಹೆಸರು ಬಂತು. ಸಾಹಿತ್ಯ ಅಕಾಡೆಮಿ ಇಂಗ್ಲಿಷಿನಲ್ಲಿ ತಂದ ಮಲೆ ಮಾದೇಶ್ವರ ಕಾವ್ಯವೂ ಅದು ಹೆಬ್ಬಣಿ ಮಾದಯ್ಯ ಮತ್ತು ತಂಡದವರು ಹಾಡಿದ್ದೆಂದು ಹೇಳಿ, ಸಂಗ್ರಾಹಕರನ್ನೂ ಅನುವಾದಕರನ್ನೂ ಬೇರೆ ಬೇರೆಯಾಗಿ ನಮೂದಿಸಿತು.

ಯಂತ್ರ ಬರೆಯತೊಡಗಿದ ಮೇಲೆ ಹಳೆಯ ಕಳವಿಗೆ ಹೊಸ ವೇಷ ಬಂದಿದೆ. ಸಾಮ್ಯತೆ ತಗ್ಗಿಸಲು ಪದಗಳನ್ನು ಕುರುಡಾಗಿ ಬದಲಿಸುವ ತಂತ್ರಾಂಶಗಳು ಕೃತಕ ಬುದ್ಧಿಮತ್ತೆಯನ್ನು ‘ನಕಲಿ ಪ್ರಜ್ಞೆ’ ಎಂದೂ, ಸ್ತನ ಕ್ಯಾನ್ಸರನ್ನು ‘ಎದೆಯ ಅಪಾಯ’ ಎಂಬರ್ಥದಲ್ಲೂ ಇಂಗ್ಲಿಷಿನಲ್ಲಿ ಬರೆದವು. 2021ರಲ್ಲಿ ಗಿಯೋಮ್ ಕಬನಾಕ್ ಮತ್ತು ಸಂಗಡಿಗರು ಇಂಥ ನುಡಿಗಟ್ಟುಗಳನ್ನೇ ಬೆನ್ನುಹತ್ತಿ ಹಲವಾರು ಲೇಖನಗಳನ್ನು ಹೊರಗೆಳೆದರು. ಹಿಂದಾವಿ ಪ್ರಕಾಶನ 2023ರಲ್ಲಿ 8,000ಕ್ಕೂ ಹೆಚ್ಚು ಲೇಖನಗಳನ್ನು ಹಿಂಪಡೆಯಿತು. ಅದೇ ವರ್ಷ ಕೆಲವು ಲೇಖನಗಳಲ್ಲಿ ಚಾಟ್‌ಜಿಪಿಟಿಯೇ ಸಹಲೇಖಕನಾಗಿ ಕಾಣಿಸಿಕೊಂಡಾಗ ಪ್ರಮುಖ ಪತ್ರಿಕೆಗಳು ಅದನ್ನು ತಳ್ಳಿಹಾಕಿದವು. ತಪ್ಪಾದರೆ ಉತ್ತರ ಕೊಡಬಲ್ಲವರು ಮಾತ್ರ ಲೇಖಕರು ಎಂಬ ಷರತ್ತೇ ಅದಕ್ಕೆ ಆಧಾರ.

ಹೆಸರಿನ ತಕರಾರು ಎದ್ದಾಗ ಪತ್ರಿಕೆಗಳು ಸಾಮಾನ್ಯವಾಗಿ ತೀರ್ಪು ಕೊಡುವುದಿಲ್ಲ, ಸಂಶೋಧಕರ ಸಂಸ್ಥೆಗೇ ವಹಿಸುತ್ತವೆ. ಭಾರತದಲ್ಲಿ ಯುಜಿಸಿ ನಿಯಮದಂತೆ ದೂರು ಮೊದಲು ಹೋಗುವುದು ವಿಭಾಗದ ಮೂವರ ಸಮಿತಿಗೆ, ಅದರ ಅಧ್ಯಕ್ಷರು ವಿಭಾಗದ ಮುಖ್ಯಸ್ಥರೇ. ದೂರು ಯಾರ ಮೇಲೋ ಆ ಸದಸ್ಯರು ಸಭೆಯಿಂದ ಹೊರಗುಳಿಯಬೇಕೆಂಬ ವಿಧಿ ಇದೆ. ಆದರೆ ದೂರು ಕೊಡುವ ವಿದ್ಯಾರ್ಥಿಯ ಮಹಾಪ್ರಬಂಧಕ್ಕೆ ಇನ್ನೂ ಗೈಡ್ ಸಹಿ ಬೀಳಬೇಕಿರುತ್ತದೆ. ಇನ್ನೊಬ್ಬರ ಕೆಲಸ ಅಥವಾ ವಿಚಾರವನ್ನು ತನ್ನದೆಂದು ತೋರಿಸುವುದು ಕೃತಿಚೌರ್ಯ ಎಂದೇ ನಿಯಮಾವಳಿಯ ವ್ಯಾಖ್ಯೆ ಹೇಳುತ್ತದೆ, ಹಾಗಾಗಿ ವಿದ್ಯಾರ್ಥಿಯ ಫಲಿತಾಂಶವನ್ನು ಗೈಡ್ ತನ್ನ ಹೆಸರಿನಲ್ಲಿ ಪ್ರಕಟಿಸಿದರೆ ಅದೂ ಆ ವ್ಯಾಖ್ಯೆಯೊಳಗೆ ಬರುತ್ತದೆ. ದಂಡನೆಯ ಹಂತಗಳು ಮಾತ್ರ ಸಾಮ್ಯತೆಯ ಶೇಕಡಾವಾರಿಗೆ ಕಟ್ಟುಬಿದ್ದಿವೆ, ಅಪ್ರಕಟಿತ ಕೆಲಸಕ್ಕೆ ಹೋಲಿಸಲು ಯಾವ ದತ್ತಾಂಶಕೋಶವೂ ಇಲ್ಲ. ಇಂಥ ದೂರಿನಲ್ಲಿ ಸಾಕ್ಷ್ಯವಾಗಿ ನಿಲ್ಲುವುದು ದಿನಾಂಕ ಹಾಕಿ ಬರೆದ ಪ್ರಯೋಗದ ಪುಸ್ತಕ, ಕರಡುಗಳ ಹಳೆಯ ಪ್ರತಿಗಳು, ಇಮೇಲ್‌ಗಳು, ಮತ್ತು ಕೆಲಸ ಶುರುವಾಗುವ ಮೊದಲೇ ಯಾರ ಹೆಸರು ಯಾವ ಕ್ರಮದಲ್ಲಿ ಬರಬೇಕೆಂದು ಎಲ್ಲರೂ ಒಪ್ಪಿ ಬರೆದಿಟ್ಟುಕೊಂಡ ಒಂದು ಪುಟ.